ಕಾಪಿ ಮಾಡಿದ ಫೈಲ್ ತುಂಬ ಬರೀ ಸೊನ್ನೆ: 32 ಕೋರ್ ಸರ್ವರ್‌ನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ?

ಹಸ್ತಪ್ರತಿ_ಕಲಬುರಗಿ · ಭಾನುವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಾವು ಐದು ಜನ ಸೇರಿ ತತ್ವಪದದ ಹಳೆಯ ಕೈಬರಹದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿದ್ದೇವೆ. ಜೇವರ್ಗಿ, ಆಳಂದ, ಸುರಪುರ ಕಡೆ ಭಜನೆ ಮಾಡುವವರ ಮನೆಗಳಲ್ಲಿ ಇಂಥವು ಇನ್ನೂ ಇವೆ. ಎರಡು ವಾರಕ್ಕೆ ಅಂತ ಕೇಳಿ ತರುತ್ತೇವೆ, ಕೆಲಸ ಮುಗಿದ ಮೇಲೆ ಮನೆಗೇ ಹೋಗಿ ವಾಪಸ್ ಕೊಡುತ್ತೇವೆ.

ಸ್ಕ್ಯಾನ್ ಮಾಡುವ ಕಂಪ್ಯೂಟರ್ ನಾಲ್ಕು. ನಾಲ್ಕೂ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಒಂದೇ ಸರ್ವರ್‌ಗೆ ಬರೆಯುತ್ತವೆ. ಸರ್ವರ್‌ನಲ್ಲಿ ಎರಡು ಪ್ರೊಸೆಸರ್, ಒಟ್ಟು 32 ಕೋರ್. ಲಿನಕ್ಸ್‌ನ ಡೆಬಿಯನ್ 12, ಡಿಸ್ಕ್‌ಗಳ ಮೇಲೆ ಫೈಲ್ ಇಡುವ ವ್ಯವಸ್ಥೆ (ಫೈಲ್ ಸಿಸ್ಟಮ್) ಝಡ್‌ಎಫ್‌ಎಸ್. ಪುಟದ ಚಿತ್ರ ಬಂದ ಕೂಡಲೇ ಸರ್ವರ್‌ನಲ್ಲಿರುವ ಸ್ಕ್ರಿಪ್ಟ್ ಅದನ್ನು ಸಿಪಿ ಕಮಾಂಡ್‌ನಿಂದ ಸಂಗ್ರಹದ ಫೋಲ್ಡರ್‌ಗೆ ಕಾಪಿ ಮಾಡಿ, ಮೂಲ ಫೈಲನ್ನು ಅಳಿಸುತ್ತದೆ. ಒಂದೇ ಸಲ 24 ಕಾಪಿಗಳು ನಡೆಯುತ್ತವೆ.

ಮೊನ್ನೆ ಪುಟಗಳಿಗೆ ಹೆಸರು ಹಚ್ಚುವಾಗ 11 ಫೈಲ್ ತೆರೆಯಲೇ ಇಲ್ಲ. ಗಾತ್ರ ಸರಿಯಾಗಿದೆ, ಒಂದೊಂದೂ ಸುಮಾರು 26 ಎಂಬಿ. ಒಳಗೆ ನೋಡಿದರೆ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಸೊನ್ನೆ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಮೂಲ ಫೈಲ್ ಅಳಿಸಿಹೋಗಿದೆ. ಪುಸ್ತಕ ಜೇವರ್ಗಿ ತಾಲೂಕಿನ ಒಬ್ಬ ಅಜ್ಜಿಗೆ ವಾಪಸ್ ಹೋಗಿದೆ. ನನಗೆ ನಿದ್ದೆ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹುಮನಾಬಾದ್_ಹಾರ್ಡ್‌ವೇರ್ · ಭಾನುವಾರ ರಾತ್ರಿ 10:41

ಮೊದಲು ರ‍್ಯಾಮ್ ಟೆಸ್ಟ್ ಮಾಡಿಸಿ ಸರ್. ಬೇಸಿಗೆಯಲ್ಲಿ ನಮ್ಮ ಕಡೆ ರೂಮ್ ಎಷ್ಟು ಕಾಯುತ್ತದೆ ಅಂತ ಗೊತ್ತೇ ಇದೆ. ಡಿಸ್ಕ್ ಕೇಬಲ್ ಕೂಡ ನೋಡಿ.

ಸರ್ವರ್‌ಅಕ್ಕ · ಭಾನುವಾರ ರಾತ್ರಿ 11:05

ಟೆಸ್ಟ್ ಮಾಡಿಸೋದು ಒಳ್ಳೆಯದೇ. ಆದರೆ ರ‍್ಯಾಮ್ ಕೆಟ್ಟರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಬಿಟ್ ತಿರುಗುತ್ತದೆ. 26 ಎಂಬಿ ಪೂರ್ತಿ ಸೊನ್ನೆಯಾಗಿ, ಗಾತ್ರ ಮಾತ್ರ ಸರಿಯಾಗಿ ಉಳಿಯೋದಿಲ್ಲ. ಇದು ಕೆಟ್ಟ ಹಾರ್ಡ್‌ವೇರ್‌ನ ಲಕ್ಷಣ ಅಂತ ನನಗೆ ಅನಿಸುತ್ತಿಲ್ಲ.

ತಮ್ಮಾ, ಎರಡು ಮಾತು ಕೇಳು. ಆ 11 ಫೈಲ್ ಅಳಿಸಬೇಡ. ಹಾಳಾದ ಫೈಲೇ ನಮ್ಮ ಸಾಕ್ಷಿ. ಇನ್ನೊಂದು, ಇವತ್ತೇ ಸ್ಕ್ರಿಪ್ಟ್‌ನಲ್ಲಿ ಮೂಲ ಅಳಿಸುವ ಸಾಲನ್ನು ತೆಗೆದುಬಿಡು. ಜಾಗ ತುಂಬಿದರೆ ಆಮೇಲೆ ನೋಡೋಣ.

ಹಾಳಾದ ಆಕಾರ ನೋಡೋದು ಯಾಕೆ ಮುಖ್ಯ ಅನ್ನೋದಕ್ಕೆ ಒಂದು ನಿಜವಾದ ಕಥೆ ಹೇಳುತ್ತೇನೆ. 2022ರ ಮಾರ್ಚ್‌ನಲ್ಲಿ ಹೊರಬಂದ ಡರ್ಟಿ ಪೈಪ್ ಅನ್ನುವ ಲಿನಕ್ಸ್ ತಪ್ಪು ಗೊತ್ತಲ್ವಾ? ಎಲ್ಲರೂ ಅದನ್ನು ಸೆಕ್ಯೂರಿಟಿ ಸಮಸ್ಯೆ ಅಂತ ನೆನಪಿಟ್ಟುಕೊಂಡಿದ್ದಾರೆ. ಅದು ಶುರುವಾದದ್ದು ನಿನ್ನಂಥದ್ದೇ ದೂರಿನಿಂದ. ಮ್ಯಾಕ್ಸ್ ಕೆಲ್ಲರ್‌ಮನ್ ನೋಡಿಕೊಳ್ಳುತ್ತಿದ್ದ ಸರ್ವರ್‌ನಲ್ಲಿ ಒಬ್ಬ ಗ್ರಾಹಕರ ಲಾಗ್ ಫೈಲ್ ಬಿಚ್ಚುತ್ತಿರಲಿಲ್ಲ. ಜಿಝಿಪ್‌ನಿಂದ ಕುಗ್ಗಿಸಿದ ಫೈಲ್, ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ತಪ್ಪು. ಅವರು ಸರಿಮಾಡಿ ಸುಮ್ಮನಾದರು. ಕೆಲವು ತಿಂಗಳಲ್ಲಿ ಮತ್ತೆ ಅದೇ. ಕೊನೆಗೆ ಕೂತು ಬೈಟ್ ಬೈಟ್ ನೋಡಿದಾಗ, ಹಾಳಾದ ಫೈಲ್‌ಗಳಲ್ಲಿ ಕೊನೆಯ 8 ಬೈಟ್ ಮಾತ್ರ ಬದಲಾಗಿತ್ತು. ಆ 8 ಬೈಟ್ ಎಂಥವು? ಝಿಪ್ ಫೈಲಿನ ಪಟ್ಟಿ ಶುರುವಾಗುವಾಗ ಬರುವ ಗುರುತಿನ ಬೈಟ್‌ಗಳು. ಅವರ ಸರ್ವರ್‌ನಲ್ಲಿ ಇನ್ನೊಂದು ಪ್ರೋಗ್ರಾಂ ದಿನದಿನದ ಲಾಗ್‌ಗಳನ್ನು ಸೇರಿಸಿ ತಿಂಗಳ ಝಿಪ್ ಮಾಡಿ ಕಳಿಸುತ್ತಿತ್ತು. ಅದಕ್ಕೆ ಆ ಫೈಲ್ ಮೇಲೆ ಬರೆಯುವ ಅನುಮತಿಯೇ ಇರಲಿಲ್ಲ. ಆದರೂ ಅದರ ಬೈಟ್ ಅಲ್ಲಿ ಬಂದಿತ್ತು. ಹಾಗಾದರೆ ತಪ್ಪು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರಬೇಕು ಅಂತ ಹಿಡಿದು ಹೋದರು. ಕರ್ನಲ್ 5.8ರಿಂದ ಇದ್ದ ತಪ್ಪು ಸಿಕ್ಕಿತು. 5.16.11, 5.15.25, 5.10.102ರಲ್ಲಿ ಸರಿಯಾಯಿತು. 8 ಬೈಟಿನ ಗುರುತು ಹಿಡಿದು ಅಷ್ಟು ದೂರ ಹೋದರು ನೋಡು.

ನಿನ್ನ ಸೊನ್ನೆಗಳೂ ಏನೋ ಹೇಳುತ್ತಿವೆ. ಆ ಫೈಲ್‌ಗಳು ಡಿಸ್ಕ್ ಮೇಲೆ ಎಷ್ಟು ಜಾಗ ಹಿಡಿದಿವೆ ಅಂತ ಡಿಯು ಕಮಾಂಡ್ ಹಾಕಿ ತಿಳಿಸು.

ಹಸ್ತಪ್ರತಿ_ಕಲಬುರಗಿ · ಭಾನುವಾರ ರಾತ್ರಿ 11:30

ಅಳಿಸುವ ಸಾಲು ತೆಗೆದೆ ಅಕ್ಕಾ. ಡಿಯು ಹಾಕಿದರೆ ಒಂದೊಂದೂ 512 ಬೈಟ್ ಅಂತ ಬರುತ್ತಿದೆ. ಅಂದರೆ ಒಳಗೆ ಏನೂ ಬರೆದೇ ಇಲ್ಲ, ಅಲ್ವಾ?

ನೌಬಾದಿನವ · ಸೋಮವಾರ ಬೆಳಿಗ್ಗೆ 6:50

ಅವಸರ ಬೇಡ. ಝಡ್‌ಎಫ್‌ಎಸ್‌ನಲ್ಲಿ ಕಂಪ್ರೆಷನ್ ಆನ್ ಇದ್ದರೆ, ನಿಜವಾಗಿ ಸೊನ್ನೆಗಳನ್ನೇ ಬರೆದರೂ ಅದು ಜಾಗ ಹಿಡಿಯೋದಿಲ್ಲ. ಪೂರ್ತಿ ಸೊನ್ನೆಯ ಬ್ಲಾಕನ್ನು ಅದು ತೂತು (ಡಿಸ್ಕ್ ಮೇಲೆ ಏನೂ ಬರೆಯದ ಖಾಲಿ ಜಾಗ) ಅಂತಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಡಿಯು ಒಂದರಿಂದಲೇ ತೀರ್ಮಾನ ಆಗೋದಿಲ್ಲ. ಸ್ಕ್ರಬ್ (ಡಿಸ್ಕ್‌ನಲ್ಲಿರೋದನ್ನೆಲ್ಲ ಓದಿ ಚೆಕ್‌ಸಮ್ ತಾಳೆ ನೋಡೋದು) ಮಾಡಿದರೂ ಎರರ್ ಬರೋದಿಲ್ಲ ಅಂತ ನನ್ನ ಅಂದಾಜು. ಝಡ್‌ಎಫ್‌ಎಸ್ ತನ್ನ ಕೈಗೆ ಬಂದದ್ದಕ್ಕೆ ಚೆಕ್‌ಸಮ್ ಹಾಕುತ್ತದೆ. ಕೈಗೆ ಬಂದದ್ದೇ ಸೊನ್ನೆ ಆದರೆ ಸೊನ್ನೆಯೇ ಸರಿ.

ನಾನು ಬೀದರಿನವ. ನಮ್ಮ ನೌಬಾದಿನ ಕರೇಜ್ ನೋಡಿದ್ದೀರಾ? ಸುರಂಗ ಬಾವಿ ಅಂತಾರೆ. ಬಹಮನಿ ಕಾಲದ್ದು. ನೆಲದಡಿ ನೀರಿನ ಕಾಲುವೆ, ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳು. ಕೊನೆಗೆ ನೀರು ಬರಲಿಲ್ಲ ಅಂದರೆ ಇಡೀ ಸುರಂಗ ಅಗೆಯಬೇಕಾಗಿಲ್ಲ. ಕಿಂಡಿ ಕಿಂಡಿಗೆ ಹೋಗಿ ಬಗ್ಗಿ ನೋಡಬೇಕು. ಈ ಕಿಂಡಿಯಲ್ಲಿ ನೀರಿದೆ, ಮುಂದಿನದರಲ್ಲಿ ಇಲ್ಲ ಅಂದರೆ ಹೂಳು ತುಂಬಿದ್ದು ನಡುವೆ.

ನಿಮ್ಮದಕ್ಕೂ ನಾಲ್ಕು ಕಿಂಡಿ ತೆಗೆಯಿರಿ. ಸ್ಕ್ಯಾನ್ ಕಂಪ್ಯೂಟರ್ ಬರೆಯುವ ಮೊದಲು ಚೆಕ್‌ಸಮ್ ಒಂದು. ಬರೆದು ಮುಗಿಸಿದ ಮೇಲೆ ಅದೇ ಕಂಪ್ಯೂಟರಿನಿಂದ ಮತ್ತೆ ಓದಿ ಒಂದು. ಇದರಲ್ಲಿ ಹುಷಾರು: ಕ್ಯಾಶ್‌ನಿಂದ ಓದಿದರೆ ಲೆಕ್ಕಕ್ಕಿಲ್ಲ, ಬೇರೆ ಕಂಪ್ಯೂಟರಿನಿಂದ ಓದಿದರೆ ಇನ್ನೂ ವಾಸಿ. ಸರ್ವರ್ ಮೇಲೆ ಮೂಲ ಫೈಲಿನದು ಒಂದು. ಕಾಪಿಯದು ಒಂದು. ನಾಲ್ಕೂ ಒಂದೇ ಸಾಲಿನಲ್ಲಿ, ಗಂಟೆ ನಿಮಿಷದ ಜೊತೆ ಬರೆದಿಡಿ. ಎರಡು ದಿನ ಓಡಿಸಿ.

ಸರ್ವರ್‌ಅಕ್ಕ · ಸೋಮವಾರ ಬೆಳಿಗ್ಗೆ 9:15

ಕಂಪ್ರೆಷನ್ ಮಾತು ನನಗೆ ಹೊಳೆದಿರಲಿಲ್ಲ, ಚೆನ್ನಾಗಿ ಹೇಳಿದಿರಿ. ತಮ್ಮಾ, ಅದರ ಜೊತೆಗೆ ನಾಲ್ಕೂ ಕಂಪ್ಯೂಟರಿನ ಮೌಂಟ್ (ಸರ್ವರ್‌ನ ಫೋಲ್ಡರ್ ಜೋಡಿಸುವ) ಆಯ್ಕೆಗಳನ್ನು ಬರೆದು ಹಾಕು. ಹಾರ್ಡ್ (ಸರ್ವರ್ ಸಿಗುವವರೆಗೂ ಕಾಯೋದು) ಇದೆಯೋ ಸಾಫ್ಟ್ ಇದೆಯೋ, ನೆಟ್‌ವರ್ಕ್ ಮೇಲೆ ಡೇಟಾ ಹೋಗೋದು ಟಿಸಿಪಿಯಲ್ಲೋ ಯುಡಿಪಿಯಲ್ಲೋ, ಸರ್ವರ್‌ನ ಎಕ್ಸ್‌ಪೋರ್ಟ್ (ಫೋಲ್ಡರ್ ಹಂಚುವ) ಸೆಟ್ಟಿಂಗ್‌ನಲ್ಲಿ ಸಿಂಕ್ ಇದೆಯೋ ಎಸಿಂಕ್ ಇದೆಯೋ. ಎಸಿಂಕ್ ಇದ್ದರೆ ಡಿಸ್ಕ್‌ಗೆ ಮುಟ್ಟುವ ಮೊದಲೇ ಸರ್ವರ್ "ಬರೆದಾಯಿತು" ಅಂತ ಉತ್ತರ ಕೊಡುತ್ತದೆ. ಅಷ್ಟರಲ್ಲಿ ಸರ್ವರ್ ಬಿದ್ದರೆ ಡೇಟಾ ಹೋಯಿತು, ಯಾರಿಗೂ ಗೊತ್ತೂ ಆಗೋದಿಲ್ಲ. ಗಿಗಾಬಿಟ್ ನೆಟ್‌ವರ್ಕ್ ಮೇಲೆ ಯುಡಿಪಿ ಅಂತೂ ಬೇಡವೇ ಬೇಡ. ಅದರಲ್ಲಿ ದೊಡ್ಡ ಸಂದೇಶ ತುಂಡು ತುಂಡಾಗಿ ಹೋಗುತ್ತದೆ, ಆ ತುಂಡುಗಳನ್ನು ಗುರುತಿಸುವ ನಂಬರ್ 16 ಬಿಟ್ ಅಷ್ಟೇ. ಅಂದರೆ 65,536 ಆದ ಮೇಲೆ ಮತ್ತೆ ಮೊದಲಿನಿಂದ. ವೇಗ ಜಾಸ್ತಿ ಆದಾಗ ಹಳೆಯ ತುಂಡು ಹೊಸದರ ಜೊತೆ ಸೇರಿಕೊಳ್ಳಬಹುದು.

ಶಹಾಪುರದ_ಹುಡುಗ · ಸೋಮವಾರ ಮಧ್ಯಾಹ್ನ 1:30

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಯಾದಗಿರಿಯಲ್ಲಿ ನಮ್ಮ ಲ್ಯಾಬ್‌ನಲ್ಲಿ ಆರು ಕಂಪ್ಯೂಟರ್ ಒಂದೇ ಲಾಗ್ ಫೈಲ್‌ಗೆ ಎನ್‌ಎಫ್‌ಎಸ್ ಮೇಲೆ ಸಾಲು ಸೇರಿಸುತ್ತವೆ. ಒಮ್ಮೊಮ್ಮೆ ಸಾಲುಗಳು ಮಾಯ. ಇದೂ ಅದೇ ರೋಗವಾ?

ನೌಬಾದಿನವ · ಸೋಮವಾರ ಮಧ್ಯಾಹ್ನ 2:05

ಅಲ್ಲಪ್ಪಾ. ನಿಮ್ಮದು ಬಗ್ ಕೂಡ ಅಲ್ಲ. ಎನ್‌ಎಫ್‌ಎಸ್‌ನಲ್ಲಿ "ಕೊನೆಗೆ ಸೇರಿಸು" ಅನ್ನುವ ಕೆಲಸವೇ ಇಲ್ಲ. ಫೈಲ್ ಎಷ್ಟು ಉದ್ದ ಇದೆ ಅಂತ ಕ್ಲೈಂಟ್ (ಬರೆಯುವ ಕಂಪ್ಯೂಟರ್) ನೋಡಿಕೊಂಡು ಆ ಜಾಗಕ್ಕೆ ಬರೆಯುತ್ತದೆ. ಇಬ್ಬರು ಒಟ್ಟಿಗೆ ನೋಡಿದರೆ ಇಬ್ಬರೂ ಒಂದೇ ಜಾಗಕ್ಕೆ ಬರೆಯುತ್ತಾರೆ. ಕಂಪ್ಯೂಟರಿಗೊಂದು ಫೈಲ್ ಮಾಡಿ, ಆಮೇಲೆ ಸೇರಿಸಿಕೊಳ್ಳಿ.

ಹಸ್ತಪ್ರತಿ_ಕಲಬುರಗಿ · ಬುಧವಾರ ರಾತ್ರಿ 9:40

ಎರಡು ದಿನದ ವರದಿ. ಸ್ವಲ್ಪ ಉದ್ದ ಇದೆ.

ಸರ್ವರ್ ಸಿಂಕ್, ಎಲ್ಲವೂ ಟಿಸಿಪಿ. ಮೂರು ಕಂಪ್ಯೂಟರ್ ಹಾರ್ಡ್ ಮೌಂಟ್. ಮೂರನೇ ನಂಬರಿನದು ಸಾಫ್ಟ್ ಇತ್ತು! ಅದು ಯಾವಾಗ ಹೇಗೆ ಆಯಿತೋ ನಮಗೇ ನೆನಪಿಲ್ಲ. ಅಕ್ಕ ಕೇಳಿದ ಮೇಲೆ ಇಡೀ ಸಂಗ್ರಹವನ್ನು ಪರೀಕ್ಷೆ ಮಾಡಿದೆ. ಆ 11 ಅಲ್ಲದೆ ಇನ್ನೂ 3 ಫೈಲ್ ಸಿಕ್ಕವು. ಆದರೆ ಇವುಗಳಲ್ಲಿ ತಲೆ ಬಾಲ ಸರಿ, ನಡುವೆ ಮಾತ್ರ ಸೊನ್ನೆಯ ತುಂಡು. ಮೂರೂ ಮೂರನೇ ಕಂಪ್ಯೂಟರಿನವು. ಮೂರೂ ಒಂದೇ ಮಧ್ಯಾಹ್ನದವು, ಅವತ್ತು ಕರೆಂಟ್ ಹೋಗಿತ್ತು. ಸರ್ವರ್‌ಗೂ ಕಂಪ್ಯೂಟರ್‌ಗಳಿಗೂ ಯುಪಿಎಸ್ ಇದೆ. ನೆಟ್‌ವರ್ಕ್ ಸ್ವಿಚ್‌ಗೆ ಇಲ್ಲ!

ಈಗ ದೊಡ್ಡ ವಿಷಯ. ಈ ಎರಡು ದಿನದಲ್ಲಿ ಪೂರ್ತಿ ಸೊನ್ನೆಯ ಕಾಪಿ ಹೊಸದಾಗಿ 2 ಆಗಿವೆ. ಮೊದಲ ಮೂರು ಕಿಂಡಿಯಲ್ಲಿ ಚೆಕ್‌ಸಮ್ ಒಂದೇ. ನಾಲ್ಕನೆಯದು ಬೇರೆ. ಸರ್ವರ್ ಮೇಲಿನ ಮೂಲ ಫೈಲ್ ಚೆನ್ನಾಗಿ ತೆರೆಯುತ್ತದೆ, ಅದರ ಕಾಪಿ ಮಾತ್ರ ಸೊನ್ನೆ.

ನೌಬಾದಿನವ · ಬುಧವಾರ ರಾತ್ರಿ 9:58

ಹಾಗಾದರೆ ನೆಟ್‌ವರ್ಕ್ ಪಾರಾಯಿತು. ಹೂಳು ಮೂರನೇ ಮತ್ತು ನಾಲ್ಕನೇ ಕಿಂಡಿಯ ನಡುವೆ. ಅರ್ಧ ಬರೆದ ಫೈಲನ್ನೇ ಸ್ಕ್ರಿಪ್ಟ್ ಕಾಪಿ ಮಾಡುತ್ತಿಲ್ಲ ತಾನೇ?

ಹಸ್ತಪ್ರತಿ_ಕಲಬುರಗಿ · ಬುಧವಾರ ರಾತ್ರಿ 10:04

ಇಲ್ಲ ಸರ್. ಕ್ಲೈಂಟ್ ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ (ಬರೆದದ್ದು ಡಿಸ್ಕ್ ಮುಟ್ಟುವವರೆಗೆ ಕಾಯುವ ಕರೆ) ಮಾಡಿ, ಮುಚ್ಚಿದ ಮೇಲೆ ಹೆಸರು ಬದಲಿಸುತ್ತದೆ. ಹೆಸರು ಬದಲಾದ ಫೈಲನ್ನು ಮಾತ್ರ ಸ್ಕ್ರಿಪ್ಟ್ ಮುಟ್ಟುತ್ತದೆ. ಪ್ರತಿ ಎರಡು ಸೆಕೆಂಡಿಗೆ ಫೋಲ್ಡರ್ ನೋಡುತ್ತದೆ.

ಸರ್ವರ್‌ಅಕ್ಕ · ಬುಧವಾರ ರಾತ್ರಿ 10:30

ನಿನ್ನ ಬಳಿ ಎರಡು ರೋಗ ಒಟ್ಟಿಗೆ ಇದ್ದವು. ನಾವು ಎರಡನ್ನೂ "ಸೊನ್ನೆ ಬರುತ್ತಿದೆ" ಅಂತ ಒಂದೇ ಗಂಟಿಗೆ ಕಟ್ಟಿದ್ದರೆ ತಿಂಗಳುಗಟ್ಟಲೆ ಅಲೆಯುತ್ತಿದ್ದೆವು. ಸಾಫ್ಟ್ ಮೌಂಟ್ ಅಂದರೆ ಸರ್ವರ್ ಸಿಗದಿದ್ದಾಗ ಸ್ವಲ್ಪ ಹೊತ್ತು ಕಾದು ಕೈಬಿಡುತ್ತದೆ. ಬರೆಯಬೇಕಾದ ತುಂಡು ಅಲ್ಲೇ ಬಿದ್ದುಹೋಗುತ್ತದೆ. ಎರರ್ ಬಂದೇ ಬರುತ್ತದೆ, ಎಫ್‌ಸಿಂಕ್ ಮಾಡುವಾಗ ಅಥವಾ ಫೈಲ್ ಮುಚ್ಚುವಾಗ. ನಿಮ್ಮ ಸ್ಕ್ಯಾನ್ ಪ್ರೋಗ್ರಾಂ ಆ ಉತ್ತರವನ್ನು ನೋಡುತ್ತಲೇ ಇಲ್ಲ ಅನಿಸುತ್ತದೆ. ಅದನ್ನು ನೋಡಿಸು, ಹಾರ್ಡ್ ಮಾಡು, ಸ್ವಿಚ್‌ಗೆ ಯುಪಿಎಸ್ ಹಾಕು. ಆ ವಿಷಯ ಮುಗಿಯಿತು.

ಪೂರ್ತಿ ಸೊನ್ನೆಯದು ಬೇರೆ. ಅದನ್ನು ಬೇಕೆಂದಾಗ ಬರಿಸುವ ದಾರಿ ಹುಡುಕು. ಎರಡು ದಿನಕ್ಕೊಮ್ಮೆ ಬರುವ ಬಗ್ ಹಿಡಿಯೋದು ಕಷ್ಟ, ಗಂಟೆಗೊಮ್ಮೆ ಬರುವಂತೆ ಮಾಡಿದರೆ ಅರ್ಧ ಗೆದ್ದಂತೆ.

ಹಸ್ತಪ್ರತಿ_ಕಲಬುರಗಿ · ಶುಕ್ರವಾರ ಬೆಳಿಗ್ಗೆ 7:10

ರಾತ್ರಿಯೆಲ್ಲ ಓಡಿಸಿದೆ. ಸ್ಕ್ಯಾನರ್ ಇಲ್ಲ, ಎನ್‌ಎಫ್‌ಎಸ್ ಇಲ್ಲ. ಸರ್ವರ್ ಮೇಲೆಯೇ ಚಿಕ್ಕ ಫೈಲ್ ಬರೆ, ತಕ್ಷಣ ಸಿಪಿ ಮಾಡು, ಎರಡನ್ನೂ ಹೋಲಿಸು. ಇದನ್ನೇ 32 ಕಡೆ ಒಟ್ಟಿಗೆ. ಒಂದು ಗಂಟೆಯಲ್ಲಿ 3 ಸೊನ್ನೆ ಕಾಪಿ! ಎಂಟು ಕಡೆ ಮಾತ್ರ ಓಡಿಸಿದರೆ ಮೂರು ಗಂಟೆಯಲ್ಲಿ ಒಂದೂ ಇಲ್ಲ. ಬರೆದು 30 ಸೆಕೆಂಡ್ ಬಿಟ್ಟು ಕಾಪಿ ಮಾಡಿದರೂ ಇಲ್ಲ. ಸಿಪಿ ಬದಲು ಡಿಡಿ (ಇದ್ದದ್ದನ್ನೆಲ್ಲ ನೇರವಾಗಿ ಓದಿ ಕಾಪಿ ಮಾಡುವ ಕಮಾಂಡ್) ಹಾಕಿದರೂ ಇಲ್ಲ.

ಶಹಾಪುರದ_ಹುಡುಗ · ಶುಕ್ರವಾರ ಬೆಳಿಗ್ಗೆ 8:20

ಹಾಗಾದರೆ ಎಂಟು ಕಾಪಿಗೆ ಇಳಿಸಿದರೆ ಆಯಿತಲ್ಲ ಸರ್?

ನೌಬಾದಿನವ · ಶುಕ್ರವಾರ ಬೆಳಿಗ್ಗೆ 8:45

ಬೇಡಪ್ಪಾ. ಎಂಟಕ್ಕೆ ಇಳಿಸಿದರೆ ಬರೋದಿಲ್ಲ ಅಂತಲ್ಲ, ಅಪರೂಪಕ್ಕೆ ಬರುತ್ತದೆ ಅಷ್ಟೇ. ಅಪರೂಪಕ್ಕೆ ಬಂದರೆ ನಾವು ನೋಡೋದು ಬಿಡುತ್ತೇವೆ. ಆಗ ಹೋದ ಪುಟ ಹೋದದ್ದೇ.

ಒಂದೇ ಪ್ರೊಸೆಸರ್ ಇದ್ದ ಕಾಲದಲ್ಲಿ ಕರ್ನಲ್ ಒಳಗೆ ಒಂದು ಸಲಕ್ಕೆ ಒಬ್ಬನೇ. 1996ರಲ್ಲಿ ಲಿನಕ್ಸ್ 2.0 ಹಲವು ಪ್ರೊಸೆಸರ್‌ಗೆ ಬಂದಾಗಲೂ ಒಂದು ದೊಡ್ಡ ಲಾಕ್ ಹಾಕಿ, ಕರ್ನಲ್ ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ಅದು ಸುರಕ್ಷಿತ, ಆದರೆ ನಿಧಾನ. ಅದನ್ನು ಒಡೆದು ಚಿಕ್ಕ ಚಿಕ್ಕ ಲಾಕ್ ಮಾಡುತ್ತಾ ಹೋಗಿ, ದೊಡ್ಡದನ್ನು ಪೂರ್ತಿ ತೆಗೆದದ್ದು 2011ರಲ್ಲಿ, 2.6.39ರಲ್ಲಿ. ಹದಿನೈದು ವರ್ಷ ಹಿಡಿಯಿತು. ಪ್ರತಿ ಲಾಕ್ ಒಡೆದಾಗಲೂ ಎರಡು ಕೆಲಸದ ನಡುವೆ ಒಂದು ಸಣ್ಣ ಸಂದು ಹುಟ್ಟುತ್ತದೆ. ಆ ಸಂದಿನಲ್ಲಿ ಇನ್ನೊಂದು ಕೋರ್ ಬಂದು ನೋಡಿದರೆ ತಪ್ಪು ಉತ್ತರ. ಕೋರ್ ಜಾಸ್ತಿ ಆದಷ್ಟೂ ಯಾರೋ ಒಬ್ಬರು ಆ ಸಂದಿಗೆ ಸರಿಯಾಗಿ ಬರುವ ಅವಕಾಶ ಜಾಸ್ತಿ.

ಡಿಡಿಗೂ ಸಿಪಿಗೂ ಇರುವ ವ್ಯತ್ಯಾಸದಲ್ಲೇ ಉತ್ತರ ಇದೆ. ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ) ಹಾಕಿ ಎಲ್‌ಸೀಕ್ (ಫೈಲ್‌ನಲ್ಲಿ ಡೇಟಾ ಎಲ್ಲಿ, ತೂತು ಎಲ್ಲಿ ಅಂತ ಕೇಳುವ) ಕರೆ ಒಂದನ್ನೇ ಹಿಡಿಯಿರಿ. ಎಲ್ಲ ಕರೆ ಹಿಡಿದರೆ ಪ್ರೋಗ್ರಾಂ ನಿಧಾನ ಆಗಿ ಬಗ್ ಕಾಣದೇ ಹೋಗಬಹುದು.

ಹಸ್ತಪ್ರತಿ_ಕಲಬುರಗಿ · ಶುಕ್ರವಾರ ಮಧ್ಯಾಹ್ನ 3:25

ಸಿಕ್ಕಿತು ಸರ್!! ಸರಿಯಾದ ಕಾಪಿಯಲ್ಲಿ ಸಿಪಿ ಮೊದಲು "ಡೇಟಾ ಎಲ್ಲಿಂದ ಶುರು?" ಅಂತ ಕೇಳುತ್ತದೆ. ಉತ್ತರ: 0ಯಿಂದ. ಸೊನ್ನೆಯಾದ ಕಾಪಿಯಲ್ಲೂ ಅದೇ ಪ್ರಶ್ನೆ. ಉತ್ತರ: ಇಎನ್‌ಎಕ್ಸ್‌ಐಒ. ಅಂದರೆ ಈ ಫೈಲ್‌ನಲ್ಲಿ ಡೇಟಾವೇ ಇಲ್ಲ, ಬರೀ ತೂತು! ಸಿಪಿ ಅದನ್ನು ನಂಬಿ, ಅಷ್ಟೇ ಗಾತ್ರದ ಖಾಲಿ ಫೈಲ್ ಮಾಡಿ ಮುಗಿಸುತ್ತದೆ. ಎರರ್ ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯಿತು.

ಸರ್ವರ್‌ಅಕ್ಕ · ಶುಕ್ರವಾರ ಸಂಜೆ 5:50

ಝಡ್‌ಎಫ್‌ಎಸ್ ಯಾವ ಆವೃತ್ತಿ? 2.1.11 ಇರಬೇಕು, ಡೆಬಿಯನ್ 12ರ ಜೊತೆ ಬಂದದ್ದು ಅದೇ. ಸಿಪಿ ಇರುವ ಕೋರ್‌ಯುಟಿಲ್ಸ್ 9.1. ಹಾಗಿದ್ದರೆ ಈ ಬಗ್‌ಗೆ ಹೆಸರೂ ಊರೂ ಇದೆ.

2023ರ ನವೆಂಬರ್‌ನಲ್ಲಿ ಓಪನ್‌ಝಡ್‌ಎಫ್‌ಎಸ್ 2.2.0 ಹಾಕಿದ್ದ ಒಬ್ಬ ಜೆಂಟೂ ಲಿನಕ್ಸ್ ಬಳಕೆದಾರರು ಗೋ ಭಾಷೆಯ ಕಂಪೈಲರ್ ಕಟ್ಟುವಾಗ ಕೆಟ್ಟ ಫೈಲ್ ಬಂತು ಅಂತ ವರದಿ ಮಾಡಿದರು. 2.2ರಲ್ಲಿ ಬ್ಲಾಕ್ ಕ್ಲೋನಿಂಗ್ (ಡೇಟಾ ಮತ್ತೆ ಬರೆಯದೆ ಅದೇ ಬ್ಲಾಕ್‌ಗಳನ್ನು ಹಂಚಿಕೊಂಡು ಕಾಪಿ ಮಾಡೋದು) ಅನ್ನೋದು ಹೊಸದು. ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. 2.2.1ರಲ್ಲಿ ಅದನ್ನು ಆಫ್ ಮಾಡಿದರು. ಆದರೂ ಬಗ್ ನಿಲ್ಲಲಿಲ್ಲ. 2.1ರಲ್ಲೂ ಬಂತು. ಆಗ ಗೊತ್ತಾಯಿತು, ಇದು ಹಳೆಯ ತಪ್ಪು, ಕ್ಲೋನಿಂಗ್ ಅದನ್ನು ಬೇಗ ಹೊರಗೆ ತಂದಿತ್ತು ಅಷ್ಟೇ. ಅಷ್ಟು ವರ್ಷ ಯಾಕೆ ಕಾಣಲಿಲ್ಲ? ಹೊಸದಾಗಿ ಬರೆದ ಫೈಲ್‌ಗೆ "ತೂತು ಎಲ್ಲಿದೆ" ಅಂತ ಕೇಳುವವರೇ ಕಡಿಮೆ ಇದ್ದರು. 2021ರಲ್ಲಿ ಕೋರ್‌ಯುಟಿಲ್ಸ್ 9.0 ಬಂದ ಮೇಲೆ ಸಿಪಿ ಹೀಗೆ ಕೇಳೋದು ಶುರು ಮಾಡಿತು. 2.2.2 ಮತ್ತು 2.1.14ರಲ್ಲಿ ಸರಿಮಾಡಿದರು. ಡೆಬಿಯನ್‌ನವರು ಅದೇ ತಿದ್ದುಪಡಿಯನ್ನು ತಮ್ಮ 2.1.11ಕ್ಕೂ ಹಾಕಿದ್ದಾರೆ. ನೀನು ಅಪ್‌ಡೇಟ್ ಮಾಡಿಲ್ಲ ಅಂತ ಕಾಣುತ್ತದೆ.

ಹಸ್ತಪ್ರತಿ_ಕಲಬುರಗಿ · ಶುಕ್ರವಾರ ಸಂಜೆ 6:15

ಹೌದು ಅಕ್ಕಾ, ಮಾಡಿಲ್ಲ. ಹೆದರಿಕೆಯಿಂದಲೇ ಮಾಡಿಲ್ಲ. 2023ರ ಡಿಸೆಂಬರ್‌ನಲ್ಲಿ 6.1.64 ಕರ್ನಲ್‌ನಿಂದ ಇಎಕ್ಸ್‌ಟಿ4 ಅನ್ನುವ ಫೈಲ್ ಸಿಸ್ಟಮ್‌ನ ಡೇಟಾ ಹಾಳಾಗುತ್ತದೆ ಅಂತ ಡೆಬಿಯನ್ 12.3 ಅನ್ನೇ ತಡೆಹಿಡಿದರಲ್ಲ, ಅದನ್ನು ಓದಿ ಎಲ್ಲ ಅಪ್‌ಡೇಟ್ ನಿಲ್ಲಿಸಿದ್ದೆ.

ಸರ್ವರ್‌ಅಕ್ಕ · ಶುಕ್ರವಾರ ಸಂಜೆ 6:40

ನಿನ್ನ ಹೆದರಿಕೆ ಸುಳ್ಳಲ್ಲ. ಆ ತಪ್ಪು ನಿಜವಾಗಿತ್ತು. ಒಂದು ತಿದ್ದುಪಡಿಯನ್ನು ಹಳೆಯ ಕರ್ನಲ್‌ಗೆ ತಂದರು, ಅದಕ್ಕೆ ಆಧಾರವಾಗಿದ್ದ ಇನ್ನೊಂದನ್ನು ತರಲಿಲ್ಲ. ಆದರೆ ಡಿಸೆಂಬರ್ 10ಕ್ಕೇ 12.4 ಬಂತು. ಮುಂದೆ ಒಂದು ಹಳೆಯ ಕಂಪ್ಯೂಟರ್‌ನಲ್ಲಿ ಮೊದಲು ಹಾಕು, ನಿನ್ನ ಈಗಿನ ಟೆಸ್ಟನ್ನೇ ಅಲ್ಲಿ ಒಂದು ರಾತ್ರಿ ಓಡಿಸು, ಆಮೇಲೆ ದೊಡ್ಡ ಸರ್ವರ್‌ಗೆ. ಇಂದೇ ಅಪ್‌ಡೇಟ್ ಆಗದಿದ್ದರೆ ಝಡ್‌ಎಫ್‌ಎಸ್‌ನಲ್ಲಿ ಡಿಎಂಯು ಆಫ್‌ಸೆಟ್ ನೆಕ್ಸ್ಟ್ ಸಿಂಕ್ ಅನ್ನುವ ಆಯ್ಕೆಯನ್ನು 0 ಮಾಡು. ಅದರಿಂದ ತುಂಬಾ ಕಡಿಮೆ ಆಗುತ್ತದೆ, ಪೂರ್ತಿ ಹೋಗೋದಿಲ್ಲ.

ಶಹಾಪುರದ_ಹುಡುಗ · ಶುಕ್ರವಾರ ರಾತ್ರಿ 8:00

ಆ ಸಂದು ಎಲ್ಲಿತ್ತು ಅಂತ ಯಾರಾದರೂ ಸುಲಭವಾಗಿ ಹೇಳುತ್ತೀರಾ? ಕೋಡ್ ತೆರೆದು ನೋಡಿದೆ, ತಲೆಗೆ ಹೋಗಲಿಲ್ಲ.

ಗಂಜ್_ರೋಡ್ · ಶುಕ್ರವಾರ ರಾತ್ರಿ 9:10

ನಾನು ಹೇಳಲಾ? ನಮ್ಮದು ಕಲಬುರಗಿ ಗಂಜ್‌ನಲ್ಲಿ ಅಡತಿ ಅಂಗಡಿ. ನಾನು ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇನೆ.

ತೊಗರಿ ಚೀಲ ಇಳಿದಾಗ ಒಂದು ಕಚ್ಚಾ ಚೀಟಿ ಬರೆದು ಎಡಗಡೆಯ ಕಂಬಿಗೆ ಚುಚ್ಚುತ್ತೇವೆ. ಸಂಜೆ ಗುಮಾಸ್ತರು ಅದನ್ನು ಕಿರ್ದಿಗೆ ಏರಿಸುವಾಗ ಎಡಗಡೆ ಕಂಬಿಯಿಂದ ತೆಗೆದು ಬಲಗಡೆ ಕಂಬಿಗೆ ಹಾಕುತ್ತಾರೆ. ಮಾಲು ಬಂದಿದೆಯಾ ಅಂತ ಯಾರಾದರೂ ಕೇಳಿದರೆ ಹುಡುಗ ಎರಡೂ ಕಂಬಿ ನೋಡುತ್ತಾನೆ. ಯಾವುದರಲ್ಲಾದರೂ ಚೀಟಿ ಇದ್ದರೆ "ಲೆಕ್ಕ ಇನ್ನೂ ಮುಗಿದಿಲ್ಲ, ತಡೆಯಿರಿ" ಅಂತಾನೆ. ಎರಡರಲ್ಲೂ ಇಲ್ಲ ಅಂದರೆ ಲೆಕ್ಕ ಮುಗಿದಿದೆ ಅಂತ ತಿಳಿದು ಕಿರ್ದಿ ತೆರೆದು ನೋಡುತ್ತಾನೆ. ಈಗ ಚೀಟಿ ಗುಮಾಸ್ತರ ಕೈಯಲ್ಲಿರುವಾಗಲೇ ಹುಡುಗ ಬಂದು ನೋಡಿದ ಅಂದುಕೊಳ್ಳಿ. ಎಡಗಡೆ ಇಲ್ಲ, ಬಲಗಡೆ ಇಲ್ಲ. ಕಿರ್ದಿಗೆ ಇನ್ನೂ ಏರಿಲ್ಲ. "ಮಾಲೇ ಬಂದಿಲ್ಲ" ಅಂತ ಹೇಳಿಬಿಡುತ್ತಾನೆ. ಚೀಲಗಳು ಮಾತ್ರ ಅಂಗಡಿಯಲ್ಲೇ ಇವೆ.

ಝಡ್‌ಎಫ್‌ಎಸ್‌ನಲ್ಲಿ ಆದದ್ದು ಇದೇ. ಹೊಸದಾಗಿ ಬರೆದ ಫೈಲ್ "ಇನ್ನೂ ಡಿಸ್ಕ್‌ಗೆ ಹೋಗಿಲ್ಲ" ಅನ್ನುವ ಪಟ್ಟಿಯಲ್ಲಿ ಇರುತ್ತದೆ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ, ಬರಹ ಜಾಸ್ತಿ ಇದ್ದರೆ ಇನ್ನೂ ಬೇಗ, ಅದನ್ನು ಡಿಸ್ಕ್‌ಗೆ ಇಳಿಸುತ್ತಾರೆ. ಇಳಿಸುವಾಗ ಆ ಪಟ್ಟಿಯಿಂದ ತೆಗೆದು ಇನ್ನೊಂದು ಪಟ್ಟಿಗೆ ಹಾಕುತ್ತಾರೆ. ಒಂದು ಕ್ಷಣ ಎರಡರಲ್ಲೂ ಇರೋದಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಬೇರೆ ಕೋರ್ ಮೇಲೆ ಸಿಪಿ ಬಂದು ಕೇಳಿದರೆ, ಫೈಲ್ ಸ್ವಚ್ಛ ಇದೆ ಅಂತ ತಿಳಿದು ಡಿಸ್ಕ್ ಮೇಲಿನ ಹಳೆಯ ಲೆಕ್ಕ ತೋರಿಸುತ್ತದೆ. ಹೊಸ ಫೈಲ್‌ಗೆ ಡಿಸ್ಕ್ ಮೇಲೆ ಏನೂ ಇಲ್ಲ. ಬರೀ ತೂತು. ತಿದ್ದುಪಡಿ ಏನು? ಪಟ್ಟಿ ನೋಡೋದರ ಜೊತೆಗೆ ಆ ಫೈಲಿನ ಮೇಲೇ ಬರೆದ ಗುರುತುಗಳನ್ನೂ ನೋಡು ಅಂತ. ಕಂಬಿ ನೋಡೋದರ ಜೊತೆ ಚೀಲವನ್ನೂ ನೋಡು ಅಂದಂತೆ.

ಶಹಾಪುರದ_ಹುಡುಗ · ಶುಕ್ರವಾರ ರಾತ್ರಿ 9:30

ಈಗ ಕೋಡ್ ಅರ್ಥ ಆಯಿತು! ಧನ್ಯವಾದ ಅಣ್ಣಾ. ಇಂಥ ಸಂದುಗಳನ್ನು ಮೊದಲೇ ಹಿಡಿಯೋ ಸಾಧನ ಇಲ್ವಾ?

ನೌಬಾದಿನವ · ಶನಿವಾರ ಬೆಳಿಗ್ಗೆ 6:30

ಇವೆ. ಲಿನಕ್ಸ್ ಕರ್ನಲ್‌ನಲ್ಲಿ ಲಾಕ್‌ಡೆಪ್ 2006ರಿಂದ ಇದೆ. ಲಾಕ್‌ಗಳನ್ನು ತಪ್ಪು ಸರದಿಯಲ್ಲಿ ಹಾಕಿದರೆ, ಸಿಕ್ಕಿಕೊಳ್ಳುವ ಮೊದಲೇ ಎಚ್ಚರಿಸುತ್ತದೆ. 2020ರಲ್ಲಿ ಬಂದ ಕೆಸಿಸ್ಯಾನ್, ಲಾಕ್ ಇಲ್ಲದೆ ಇಬ್ಬರು ಒಂದೇ ಜಾಗ ಮುಟ್ಟಿದರೆ ಹೇಳುತ್ತದೆ. ಫೈಲ್ ಸಿಸ್ಟಮ್‌ಗೆ ನನಗೆ ಎಲ್ಲಕ್ಕಿಂತ ಇಷ್ಟ ಎಫ್‌ಎಸ್‌ಎಕ್ಸ್. ನೆಕ್ಸ್ಟ್ ಕಂಪನಿಯಲ್ಲಿದ್ದ ಏವಿ ಟೆವೇನಿಯನ್ ಬರೆದದ್ದು. ಸುಮ್ನೆ ಹೇಗೆಂದರೆ ಹಾಗೆ ಬರೆಯುತ್ತದೆ, ಓದುತ್ತದೆ, ಫೈಲ್ ಕತ್ತರಿಸುತ್ತದೆ, ಮೆಮೊರಿಗೆ ಮ್ಯಾಪ್ ಮಾಡುತ್ತದೆ. ಏನು ಇರಬೇಕಿತ್ತು ಅನ್ನೋದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ಹೋಲಿಸುತ್ತದೆ. ತಪ್ಪು ಬಂದರೆ ಅದೇ ಸರಣಿಯನ್ನು ಮತ್ತೆ ಓಡಿಸಬಹುದು. ಎನ್‌ಎಫ್‌ಎಸ್ ಮೇಲೂ ಓಡಿಸಿ, ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಅನ್ನುವ ಪರೀಕ್ಷೆಗಳ ಕಟ್ಟಿನ ಜೊತೆ ಬರುತ್ತದೆ.

ಆದರೆ ಪಟ್ಟಿ ಬದಲಿಸುವ ಈ ತಪ್ಪಿನಲ್ಲಿ ಲಾಕ್ ಸರದಿ ತಪ್ಪಿರಲಿಲ್ಲ. ತರ್ಕ ತಪ್ಪಿತ್ತು. ಅದನ್ನು ಹಿಡಿದದ್ದು ಹಾಳಾದ ಫೈಲ್ ಮತ್ತು ಅದನ್ನು ಬಿಡದೆ ನೋಡಿದ ಜನ.

ಹಸ್ತಪ್ರತಿ_ಕಲಬುರಗಿ · ಮುಂದಿನ ಗುರುವಾರ ರಾತ್ರಿ 10:50

ಹಳೆಯ ಕಂಪ್ಯೂಟರ್‌ನಲ್ಲಿ ಒಂದು ರಾತ್ರಿ ನೋಡಿ, ಶನಿವಾರ ರಾತ್ರಿ ಸರ್ವರ್ ಅಪ್‌ಡೇಟ್ ಮಾಡಿದೆ. 32 ಕಡೆ ಅದೇ ಟೆಸ್ಟ್ ಮೂರು ರಾತ್ರಿ ಓಡಿತು. ಒಂದೂ ಸೊನ್ನೆ ಇಲ್ಲ. ಸ್ವಿಚ್‌ಗೆ ಯುಪಿಎಸ್ ಬಂತು, ಮೂರನೇ ಕಂಪ್ಯೂಟರ್ ಹಾರ್ಡ್ ಆಯಿತು, ಸ್ಕ್ಯಾನ್ ಪ್ರೋಗ್ರಾಂ ಈಗ ಎಫ್‌ಸಿಂಕ್‌ನ ಉತ್ತರ ನೋಡುತ್ತದೆ. ಕಾಪಿಯ ಚೆಕ್‌ಸಮ್ ಹೋಲಿಸದೆ, 30 ದಿನ ಕಳೆಯದೆ ಮೂಲ ಅಳಿಸೋದಿಲ್ಲ.

ಇವತ್ತು ಬಸ್ ಹಿಡಿದು ಜೇವರ್ಗಿ ಕಡೆ ಹೋಗಿದ್ದೆ. 11 ಪುಟವೂ ಅಜ್ಜಿಯ ಪುಸ್ತಕದ್ದೇ. ನಡುವೆ ಹಾಳಾಗಿದ್ದ ಮೂರು ಇನ್ನೊಂದು ಪುಸ್ತಕದ್ದು, ಅದು ಇನ್ನೂ ನಮ್ಮಲ್ಲೇ ಇತ್ತು. ಏನಾಯಿತು ಅಂತ ಅಜ್ಜಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಪುಸ್ತಕದ ಗಂಟು ಬಿಚ್ಚಿ ಮುಂದಿಟ್ಟು, ರೊಟ್ಟಿ ತಿಂದು ಹೋಗು ಅಂದರು. ಈ ಸಲ ಪುಸ್ತಕ ತರಲಿಲ್ಲ. ಲ್ಯಾಪ್‌ಟಾಪ್, ಸ್ಕ್ಯಾನರ್ ಎರಡನ್ನೂ ಅಲ್ಲಿಗೇ ಒಯ್ದಿದ್ದೆ. ಅವರ ಪಡಸಾಲೆಯಲ್ಲೇ 11 ಪುಟ ಮತ್ತೆ ಸ್ಕ್ಯಾನ್ ಮಾಡಿದೆ. ಒಂದೊಂದನ್ನೂ ತೆರೆದು ಅವರಿಗೆ ತೋರಿಸಿದೆ.

ಟೆಸ್ಟ್ ಸ್ಕ್ರಿಪ್ಟ್ ಬೇಕಾದವರು ಕೇಳಿ, ಕೊಡುತ್ತೇನೆ. ಸೊನ್ನೆಯಾದ ಫೈಲ್‌ಗಳನ್ನು ಇನ್ನೂ ಅಳಿಸಿಲ್ಲ.

ಸರ್ವರ್‌ಅಕ್ಕ · ಮುಂದಿನ ಗುರುವಾರ ರಾತ್ರಿ 11:10

ಸ್ಕ್ರಿಪ್ಟ್ ನನಗೆ ಬೇಕು ತಮ್ಮಾ. ನಮ್ಮಲ್ಲೂ ಒಂದು 2.1.11 ಇದೆ, ನಾಳೆ ಬೆಳಿಗ್ಗೆಯೇ ಓಡಿಸುತ್ತೇನೆ.